ಚುಕ್ಕೆಯಷ್ಟೇ ಅಳತೆ

ನಮ್ಮ ಮಾತುಕತೆಯಲ್ಲಿ ‘ಮೇಸರ್’ ಎಂಬ ಪದ ಬಂದಾಗ ತೆರೆಯ ಮೇಲೆ ಕೆಲವು ಚುಕ್ಕೆಗಳನ್ನು ತೋರಿಸಿದ್ದೆವು. ನಿಜ ಹೇಳಬೇಕೆಂದರೆ ಅವು ಚುಕ್ಕೆಗಳಲ್ಲ. ಸಮಯದ ಅಭಾವದಿಂದ ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಸರ್ ಎಂಬುದು ಲೇಸರಿನ ಅಣ್ಣ. ಇದು ಹೊಮ್ಮಿಸುವುದು ಬೆಳಕನ್ನಲ್ಲ, ಮೈಕ್ರೋತರಂಗಗಳನ್ನು. ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ನೀರಾವಿ, ಮೆಥನಾಲ್ ಮೊದಲಾದ ಅಣುಗಳು ಸುತ್ತಲಿಂದ ಶಕ್ತಿ ಪಡೆದು ಕಾದಿರುತ್ತವೆ. ತಕ್ಕ ಅಲೆಯೊಂದು ಹಾದುಹೋದರೆ ಅವೂ ಅದಕ್ಕೆ ದನಿಗೂಡಿಸುತ್ತವೆ. ನಮ್ಮ ನೋಟದ ದಾರಿಯಲ್ಲಿ ಒಂದೇ ವೇಗದ ಅನಿಲ ಬಹಳ ಉದ್ದಕ್ಕೆ ಸಿಕ್ಕಿದ ಕಡೆಯಷ್ಟೇ ಅದು ಪ್ರಖರವಾಗುತ್ತದೆ. ಆದ್ದರಿಂದ ‘ಚುಕ್ಕೆ’ ಎಂದರೆ ಗಟ್ಟಿ ವಸ್ತುವಲ್ಲ, ಅನಿಲದ ಸಾಲೊಂದು ನಮ್ಮತ್ತ ನೆಟ್ಟಗೆ ನಿಂತ ಜಾಗ. ಸಾಲು ಕದಡಿದರೆ ಹೊಳಪಿನ ನಡುಬಿಂದುವೂ ಸರಿಯುತ್ತದೆ.

ಸರಿದರೇನಂತೆ ಎನ್ನುತ್ತೀರಾ? ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ಕಾಯವು ದೂರದ ಹಿನ್ನೆಲೆಯೆದುರು ವರ್ಷವಿಡೀ ಅತ್ತಿತ್ತ ಓಲಾಡಿದಂತೆ ಕಾಣುತ್ತದೆ. ಈ ಓಲಾಟವನ್ನು ಅಳೆದು ದೂರ ತಿಳಿಯುವುದೇ ಪ್ಯಾರಲಾಕ್ಸ್ ವಿಧಾನ. ಭೂಮಿ–ಸೂರ್ಯರ ಅಂತರ, ಎಂದರೆ 15 ಕೋಟಿ ಕಿಲೋಮೀಟರು, ಆ ಕಾಯದಿಂದ ನೋಡಿದರೆ ಎಷ್ಟು ಕಾಣುವುದೋ ಅದೇ ಲೆಕ್ಕದ ಮೂಲಮಾನ. ನೀರಾವಿಯ ಮೇಸರ್ ಚುಕ್ಕೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ! ದೂರ ಹೋದಂತೆ ಎರಡೂ ಒಟ್ಟಿಗೇ ಕುಗ್ಗುತ್ತವೆ. ಚುಕ್ಕೆಯ ಒಂದು ಅಂಚು ಹೊಳಪೇರಿದರೆ ಅದನ್ನೇ ಓಲಾಟವೆಂದು ಎಣಿಸಿ ಮೋಸಹೋಗಬಹುದು. ಮೇಲಾಗಿ ನೀರಾವಿಯ ಚುಕ್ಕೆಗಳಲ್ಲಿ ಎಷ್ಟೋ ಕೆಲವೇ ತಿಂಗಳಲ್ಲಿ ನಂದಿಹೋಗುತ್ತವೆ.

ಪರ್ಸಿಯಸ್ ಸುರುಳಿತೋಳಿನ ಡಬ್ಲ್ಯು3 ಒಎಚ್ ಎಂಬ ಮೋಡದ ದೂರವನ್ನು 2006ರಲ್ಲಿ ಅಳೆದವರು ಇದಕ್ಕಾಗಿಯೇ ಹೆಚ್ಚು ಸ್ಥಿರವಾದ ಮೆಥನಾಲ್ ಚುಕ್ಕೆಗಳನ್ನು ಆರಿಸಿಕೊಂಡರು. ಹವಾಯಿಯಿಂದ ವರ್ಜಿನ್ ದ್ವೀಪಗಳವರೆಗೆ ಹರಡಿದ 10 ಆಂಟೆನಾಗಳು ಒಂದೇ ದೂರದರ್ಶಕದಂತೆ ದುಡಿದವು. ಸಿಕ್ಕ ದೂರ ಸುಮಾರು 6,360 ಜ್ಯೋತಿರ್ವರ್ಷ. ದೋಷಮಿತಿ ಶೇಕಡಾ 2ರಷ್ಟು. ಅನಿಲದ ವೇಗದಿಂದ ಊಹಿಸಿದ್ದ ಹಳೆಯ ದೂರ ಇದರ ಎರಡರಷ್ಟಿತ್ತು! ಅದೇ ವರ್ಷ ನೀರಾವಿಯ ಮೇಸರ್ ಬಳಸಿದ ಬೇರೊಂದು ತಂಡಕ್ಕೆ ದೊರೆತದ್ದು ಸುಮಾರು 6,650. ಎರಡರ ದೋಷಮಿತಿಗಳೂ ಒಂದನ್ನೊಂದು ಮುಟ್ಟುತ್ತವೆ. ಬೇರೆ ಅಣು, ಬೇರೆ ಚುಕ್ಕೆಗಳು, ಆದರೂ ಹತ್ತಿರದ ಉತ್ತರ. ನನಗೆ ನಂಬಿಕೆ ಹುಟ್ಟಿಸಿದ್ದು ಮೊದಲ ಅಂಕಿಗಿಂತ ಈ ತಾಳೆಯೇ.

ನಮ್ಮ ಆಕಾಶಗಂಗೆಯಿಂದಾಚೆ, ಎನ್‌ಜಿಸಿ 4258 ಗೆಲಾಕ್ಸಿಯಲ್ಲಿ, ಕಪ್ಪುಕುಳಿಯ ಸುತ್ತ ತಿರುಗುವ ಅನಿಲದ ತಟ್ಟೆಯಲ್ಲಿ ಮೇಸರ್‌ಗಳಿವೆ. ಇಲ್ಲಿ ಓಲಾಟವನ್ನಲ್ಲ, ಚುಕ್ಕೆಗಳ ವೇಗ ಮತ್ತು ಸ್ಥಾನಪಲ್ಲಟವನ್ನು ಹೋಲಿಸಿ ದೂರ ತೆಗೆಯುತ್ತಾರೆ. ತಟ್ಟೆಯೋ ಬಿಸಿಲಿಗೆ ಸೊಟ್ಟಗಾದ ಹಪ್ಪಳದ ಹಾಗೆ. ಆ ಸೊಟ್ಟನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. 2019ರ ಉತ್ತರ ಸುಮಾರು 2.47 ಕೋಟಿ ಜ್ಯೋತಿರ್ವರ್ಷ, ದೋಷ ಶೇಕಡಾ 1.5. ವಿಶ್ವ ಹಿಗ್ಗುವ ವೇಗವನ್ನು ಸಮೀಪದ ಗೆಲಾಕ್ಸಿಗಳಿಂದ ಅಳೆಯುವವರು ಈ ದೂರವನ್ನು ಒಂದು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅವರಿಗೆ ಸಿಗುವ ಅಂಕಿ 73ರ ಆಸುಪಾಸು. ಆದಿವಿಶ್ವದ ವಿಕಿರಣದಿಂದ ಲೆಕ್ಕ ಹಾಕಿದವರಿಗೆ ಸಿಗುವುದು 67. ಇವರಿಬ್ಬರ ವಾದ ಇನ್ನೂ ಮುಗಿದಿಲ್ಲ.