ಕಟ್ಟುವ ಮೊದಲೇ ಕಂಡವರು

ನ್ಯೂಯಾರ್ಕ್ ವಿಮಾನ ನಿಲ್ದಾಣದ ಟಿಡಬ್ಲ್ಯುಎ ಟರ್ಮಿನಲ್ಲಿಗೆ ನೇರ ಗೋಡೆಗಳೆಂಬುದೇ ಇಲ್ಲವೆನ್ನಬೇಕು. ಕಂಬ ನೆಲದಿಂದ ಎದ್ದು, ಬಾಗಿ, ತಾನೇ ಛಾವಣಿಯಾಗುತ್ತದೆ. ಇಂಥದ್ದನ್ನು ಸ್ಕೇಲು ಹಿಡಿದು ನಕ್ಷೆಯಲ್ಲಿ ತೋರಿಸುವುದು ಕಷ್ಟ. ಹಾಗಾಗಿ ವಾಸ್ತುಶಿಲ್ಪಿ ಈರೊ ಸಾರಿನೆನ್ ಅವರ ಕಚೇರಿಯಲ್ಲಿ ಮೊದಲು ರಟ್ಟು ಕತ್ತರಿಸಿ ಮಾದರಿ ಮಾಡುತ್ತಿದ್ದರು, ನಕ್ಷೆ ಆಮೇಲೆ. ಮಾದರಿಗಳು ಎಷ್ಟು ದೊಡ್ಡವೆಂದರೆ ತಲೆ ತೂರಿಸಿ ಒಳಗೆ ನೋಡಬಹುದಿತ್ತು. ತಲೆ ಹೋಗುವಲ್ಲಿಗೆ ಕ್ಯಾಮೆರಾವನ್ನೂ ಒಯ್ದ ಯುವಕ ಬಾಲ್ತಜಾರ್ ಕೊರಾಬ್. ಅವರು ಆ ಕಚೇರಿಗೆ ಸೇರಿದ್ದು ವಾಸ್ತುಶಿಲ್ಪಿಯಾಗಿ.

ಕೊರಾಬ್ ಹುಟ್ಟಿದ್ದು 1926ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುತ್ತಿದ್ದವರು ಕಮ್ಯುನಿಸ್ಟ್ ಆಡಳಿತ ಬಿಗಿಯಾಗುತ್ತಿದ್ದಂತೆ 1949ರಲ್ಲಿ ದೇಶ ಬಿಟ್ಟು ಪ್ಯಾರಿಸ್ ಸೇರಿದರು. ಅಲ್ಲಿಯ ಎಕೋಲ್ ದೆ ಬೋಜಾರ್ ಶಾಲೆಯಿಂದ 1954ರಲ್ಲಿ ಪದವಿ ಪಡೆದರು. ಆ ವರ್ಷಗಳಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೆ ಅವರ ಬಳಿಯೂ ಕೆಲಸ ಮಾಡಿದರು. ಕಾರ್ಬ್ಯುಸಿಯೆ ಕೈಯಲ್ಲಿ ನಮ್ಮ ಚಂಡೀಗಢ ರೂಪುಗೊಳ್ಳುತ್ತಿದ್ದ ಕಾಲವದು. 1955ರಲ್ಲಿ ಅಮೆರಿಕಕ್ಕೆ ಬಂದು ಮಿಷಿಗನ್ ರಾಜ್ಯದ ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿದ್ದ ಸಾರಿನೆನ್ ಕಚೇರಿಗೆ ಸೇರಿದರು.

ಅಲ್ಲಿ ಅವರು ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾದರಿಯ ಫೋಟೊ ತೆಗೆಯುವುದು ಸುಲಭ, ಅದರೊಳಗೆ ನಿಂತವನಂತೆ ತೆಗೆಯುವುದು ಕಷ್ಟ. ಅಡಿಗೆ ಅರ್ಧ ಇಂಚಿನ ಅಳತೆಯಲ್ಲಿ ಮಾಡಿದ ಮಾದರಿಯಲ್ಲಿ ಮನುಷ್ಯನ ಕಣ್ಣು ಇರುವುದು ನೆಲದಿಂದ ಎರಡೂವರೆ ಇಂಚು ಮೇಲೆ. ಲೆನ್ಸ್ ಅಷ್ಟು ಕೆಳಗಿಳಿಯಬೇಕು. ಇಷ್ಟು ಹತ್ತಿರದಲ್ಲಿ ಒಂದು ಭಾಗ ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ, ಮಸುಕಾದ ಕೂಡಲೇ ಇದು ಆಟಿಕೆ ಎಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಹೆಚ್ಚು ಹೊತ್ತು ಬೆಳಕು ಬಿಡಬೇಕು. ದೀಪವನ್ನು ಇಡಬೇಕಾದದ್ದು ಸೂರ್ಯ ಇರುವ ದಿಕ್ಕಿನಲ್ಲಿ. ಹೀಗೆ ಬಂದ ಚಿತ್ರವನ್ನು ಮೇಜಿನ ಮೇಲೆ ಹರಡಿದರೆ, ಮೆಟ್ಟಿಲು ಹತ್ತುವವನಿಗೆ ಏನು ಕಾಣುತ್ತದೆ, ಯಾವ ತಿರುವು ಒಡ್ಡೊಡ್ಡಾಗಿದೆ ಎಂಬುದು ಕಾಂಕ್ರೀಟ್ ಸುರಿಯುವ ಮೊದಲೇ ತಿಳಿಯುತ್ತದೆ. ತಪ್ಪಿದ್ದರೆ ರಟ್ಟು ಕತ್ತರಿಸಿ ಮತ್ತೆ ಅಂಟಿಸಿದರಾಯಿತು. ಸಾರಿನೆನ್ ಕಚೇರಿಯಲ್ಲಿ ಕ್ಯಾಮೆರಾ ಪೆನ್ಸಿಲಿನಂತೆಯೇ ವಿನ್ಯಾಸದ ಉಪಕರಣವಾಗಿತ್ತು. ಇಂದಿಗೂ ಎಷ್ಟೋ ವಿದ್ಯಾರ್ಥಿಗಳು ತಮ್ಮ ಮಾದರಿಯ ಚಿತ್ರವನ್ನು ಮೇಲಿನಿಂದಲೇ ತೆಗೆಯುತ್ತಾರೆ. ಆದರೆ ಕಟ್ಟಡವನ್ನು ಬಳಸುವವರಾರೂ ಅದನ್ನು ಹಾಗೆ ಕಾಣುವುದಿಲ್ಲ.

ಕೊರಾಬ್ ವಿನ್ಯಾಸವನ್ನೂ ಬಿಟ್ಟಿರಲಿಲ್ಲ. ಸಿಡ್ನಿ ಒಪೇರಾ ಹೌಸ್ ಸ್ಪರ್ಧೆಗೆ ತಮ್ಮದೂ ಒಂದು ವಿನ್ಯಾಸ ಕಳಿಸಿದ್ದರು. 1957ರಲ್ಲಿ ಗೆದ್ದವರು ಡೆನ್ಮಾರ್ಕಿನ ಯಾನ್ ಉಟ್ಜನ್. ಮರುವರ್ಷ ಕೊರಾಬ್ ಸ್ವಂತವಾಗಿ ಛಾಯಾಗ್ರಹಣಕ್ಕೆ ಇಳಿದರು. ಸೋಲು ಅವರನ್ನು ಕ್ಯಾಮೆರಾದತ್ತ ನೂಕಿತು ಎಂದು ಕಥೆ ಕಟ್ಟಬಹುದು, ನಾನು ಒಪ್ಪುವುದಿಲ್ಲ. ಮಾದರಿಯೊಳಗೆ ಲೆನ್ಸ್ ಇಳಿಸಿದ ದಿನವೇ ಆ ದಾರಿ ತೆರೆದಿತ್ತು. ಕೊನೆಯವರೆಗೂ ಅವರು ತಮ್ಮನ್ನು ವಾಸ್ತುಶಿಲ್ಪಿ ಎಂದೇ ಕರೆದುಕೊಂಡರು. 1964ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅವರ ಛಾಯಾಗ್ರಹಣಕ್ಕೆ ಪದಕ ನೀಡಿತು.

ಅವರ ಕಸುಬಿನ ಹೆಚ್ಚುಗಾರಿಕೆ ಕಾಣಬೇಕಾದರೆ ಇಂಡಿಯಾನಾ ರಾಜ್ಯದ ಕೊಲಂಬಸ್‌ಗೆ ಹೋಗಬೇಕು. ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿಯ ಈ ಚಿಕ್ಕ ಊರಿನಲ್ಲಿ ಉದ್ಯಮಿ ಜೆ. ಇರ್ವಿನ್ ಮಿಲ್ಲರ್ ಒಂದು ಪದ್ಧತಿ ತಂದರು: ಸಾರ್ವಜನಿಕ ಕಟ್ಟಡಕ್ಕೆ ಒಳ್ಳೆಯ ವಾಸ್ತುಶಿಲ್ಪಿಯನ್ನು ಆರಿಸಿದರೆ ಅವರ ಶುಲ್ಕವನ್ನು ಕಂಪನಿಯ ಪ್ರತಿಷ್ಠಾನ ಕೊಡುತ್ತದೆ. ಹಾಗಾಗಿ ಮಕ್ಕಳ ಶಾಲೆ, ಅಗ್ನಿಶಾಮಕ ಠಾಣೆ ಕೂಡ ಅಲ್ಲಿ ನೋಡುವಂತಿವೆ. ಕೊರಾಬ್ ದಶಕಗಳ ಕಾಲ ಈ ಊರಿಗೆ ಮರಳಿ ಮರಳಿ ಹೋದರು, 1989ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ತಂದರು. ಮಿಲ್ಲರ್ ಕುಟುಂಬಕ್ಕೆಂದು ಸಾರಿನೆನ್ 1957ರಲ್ಲಿ ಮುಗಿಸಿದ ಮನೆಯ ತೋಟದಲ್ಲಿ ಮರಗಳ ನೇರ ಸಾಲೊಂದಿತ್ತು, ಅದರ ತುದಿಯಲ್ಲಿ ಹೆನ್ರಿ ಮೂರ್ ಅವರ ಒರಗಿದ ಹೆಂಗಸಿನ ಶಿಲ್ಪ. ಆ ಸಾಲಿನ ಕೊರಾಬ್ ಚಿತ್ರ ನೋಡಿದರೆ ತೋಟ ರೂಪಿಸಿದ ಡ್ಯಾನ್ ಕೈಲಿ ಎಲೆಗಳಿಂದಲೇ ಗೋಡೆ ಕಟ್ಟಿದ್ದಾರೆ ಎಂಬುದು ವಿವರಣೆಯಿಲ್ಲದೆ ಮನಸ್ಸಿಗೆ ಹೋಗುತ್ತದೆ. ಆ ಮನೆ ಸಾರ್ವಜನಿಕರಿಗೆ ತೆರೆದದ್ದು 2011ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರಿಗೆ ಅದು ಕಂಡದ್ದು ಚಿತ್ರಗಳಲ್ಲಿ ಮಾತ್ರ.

ಸಾರಿನೆನ್ 1961ರಲ್ಲಿ, 51ರ ವಯಸ್ಸಿಗೇ ತೀರಿಕೊಂಡರು. ಟಿಡಬ್ಲ್ಯುಎ ತೆರೆದದ್ದು 1962ರಲ್ಲಿ. ಅದೇ ಕೊಲಂಬಸ್‌ಗೆ ಅವರು ವಿನ್ಯಾಸ ಮಾಡಿದ ನಾರ್ತ್ ಕ್ರಿಶ್ಚಿಯನ್ ಚರ್ಚ್, 192 ಅಡಿಯ ಮೊನಚು ಶಿಖರದ ಆ ಷಟ್ಕೋನ ಕಟ್ಟಡ, ಮುಗಿದದ್ದು 1964ರಲ್ಲಿ. ಕಟ್ಟಿ ಮುಗಿದ ಮೇಲೆ ಎರಡನ್ನೂ ಅವರು ನೋಡಲಿಲ್ಲ, ಅವುಗಳ ಪೂರ್ಣರೂಪ ಅವರಿಗೆ ಕಂಡದ್ದು ಮಾದರಿಗಳಲ್ಲೇ.

ಕಟ್ಟಡ ಹೊಳೆಯುವ ಬಿಸಿಲಿನಲ್ಲೇ ಚೆನ್ನ ಎಂಬ ನಂಬಿಕೆ ಈ ವೃತ್ತಿಯಲ್ಲಿ ಬಲವಾಗಿತ್ತು. ಕೊರಾಬ್ ಮಂಜು, ಮೋಡಗಳಲ್ಲೂ ಕ್ಯಾಮೆರಾ ಹೂಡಿದರು. 1966ರ ನವೆಂಬರಿನಲ್ಲಿ ಆರ್ನೊ ನದಿ ಫ್ಲಾರೆನ್ಸ್ ನಗರವನ್ನು ಮುಳುಗಿಸಿದಾಗ ಆ ಅನಾಹುತವನ್ನೂ ದಾಖಲಿಸಿದರು. ಗಾಳಿ, ಮಳೆ, ಕೆಸರು ಕಟ್ಟಡದ ಆಯುಷ್ಯದ ಪಾಲೇ ಎಂದು ಬಲ್ಲ ವಾಸ್ತುಶಿಲ್ಪಿಯ ಆಸ್ಥೆ ಅದು.

1994ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಹಂಗೆರಿಯ ಅಧ್ಯಕ್ಷ ಆರ್ಪಾಡ್ ಗೊಂಟ್ಸ್ ಅವರಿಗೆ ಉಡುಗೊರೆಯಾಗಿ ಕೊಟ್ಟದ್ದು ಕೊರಾಬ್ ಚಿತ್ರಗಳ ಸಂಪುಟವನ್ನು. 2013ರ ಜನವರಿಯಲ್ಲಿ, 86ನೆಯ ವಯಸ್ಸಿನಲ್ಲಿ, ಕೊರಾಬ್ ಮಿಷಿಗನ್‌ನಲ್ಲಿ ನಿಧನರಾದರು. ಸಾರಿನೆನ್ ಕಟ್ಟಡಗಳ ಅವರ ಚಿತ್ರಗಳ ದೊಡ್ಡದೊಂದು ಸಂಗ್ರಹ ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಅಂತರ್ಜಾಲದಲ್ಲೂ ನೋಡಲು ಸಿಗುತ್ತದೆ.