ಬೂದಿಯುಂಡೆಯ ಹಗುರ ಮಹಡಿ

ಹೊಸ ಕಟ್ಟಡದ ಮಹಡಿಗೆ ಮೋಲ್ಡ್ ಹಾಕುವುದನ್ನು ನೀವು ನೋಡಿರಬಹುದು. ಸಿಮೆಂಟ್, ಮರಳು, ಜಲ್ಲಿಯನ್ನು ನೀರಿನೊಡನೆ ಕಲಸಿ ಬಾಂಡ್ಲಿಗಳಲ್ಲಿ ಮೇಲಕ್ಕೆ ಸಾಗಿಸುತ್ತಾರೆ. ಕೆಳಮನೆಯ ಸೂರೇ ಮೇಲಿನ ಮನೆಯ ನೆಲ! ಅದರ ತೂಕ ಎಷ್ಟು? ಲೆಕ್ಕ ಮಾಡೋಣ.

ಕೋಣೆಯ ಉದ್ದ 3 ಮೀಟರ್, ಅಗಲ 3 ಮೀಟರ್. ಕಾಂಕ್ರೀಟಿನ ದಪ್ಪ 0.1 ಮೀಟರ್ ಇರಲಿ. ಘನಫಲ 3 × 3 × 0.1 = 0.9 ಘನ ಮೀಟರ್. ಒಂದು ಘನ ಮೀಟರ್ ಸಾಧಾರಣ ಕಾಂಕ್ರೀಟ್ ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ಅಂದರೆ ಈ ನೆಲದ ತೂಕ 2,160 ಕಿಲೋಗ್ರಾಂ! ಮಂಚ, ಬೀರು, ಜನರ ಭಾರ ಇನ್ನೂ ಸೇರಿಲ್ಲ. ನಾಲ್ಕು ಮಹಡಿಗಳಿದ್ದರೆ ಅಷ್ಟನ್ನೂ ಕೆಳಗಿನ ಕಂಬಗಳು, ತಳಪಾಯ ಹೊರಬೇಕು. ಭೂಕಂಪವಾದಾಗಲಂತೂ ಕಟ್ಟಡ ಭಾರವಾದಷ್ಟೂ ಅದನ್ನು ಅಲುಗಿಸುವ ಬಲ ಹೆಚ್ಚು.

ಕಾಂಕ್ರೀಟಿನಲ್ಲಿ ಹೆಚ್ಚು ಜಾಗ ಹಿಡಿಯುವುದು ಜಲ್ಲಿ. ಅದನ್ನೇ ಹಗುರ ಮಾಡಿದರೆ? ಅದಕ್ಕೆ ಬೇಕಾದ ವಸ್ತು ಕಾರ್ಖಾನೆಯ ಕಸದಲ್ಲೇ ಇದೆ!

ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ಉತ್ಪಾದಿಸುತ್ತಾರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. 100 ಕಿಲೋ ಉರಿಸಿದರೆ ಸುಮಾರು 30ರಿಂದ 40 ಕಿಲೋ ಉಳಿಯುತ್ತದೆ. ಅದರಲ್ಲಿ ಬಹುಪಾಲು ಮುಖಕ್ಕೆ ಹಚ್ಚುವ ಪೌಡರಿನಂತೆ ನುಣುಪು. ಹೊಗೆಯೊಡನೆ ಹಾರುವುದರಿಂದ ಇದು ‘ಹಾರುಬೂದಿ’. ಹೊಗೆಯಿಂದ ಇದನ್ನು ಬೇರ್ಪಡಿಸಿ ಸಂಗ್ರಹಿಸುತ್ತಾರೆ. ಸುಮ್ಮನೆ ಗುಡ್ಡೆ ಹಾಕಿದರೆ ಗಾಳಿಗೆ ಎದ್ದು ಬೆಳೆಗಳ ಮೇಲೆ ಕೂರುತ್ತದೆ, ಉಸಿರಿನೊಳಗೂ ಸೇರುತ್ತದೆ.

ಇಂಥ ಬೂದಿಗೆ ನೀರು ಚಿಮುಕಿಸಿ, ಓರೆಯಾಗಿ ತಿರುಗುವ ದೊಡ್ಡ ತಟ್ಟೆಯಲ್ಲಿ ಉರುಳಿಸಿದರೆ ಪುಟ್ಟ ಉಂಡೆಗಳಾಗುತ್ತವೆ. ಹಿಟ್ಟಿಗೆ ನೀರು ಹನಿಸಿದಾಗ ಗಂಟು ಕಟ್ಟುವುದಿಲ್ಲವೆ, ಹಾಗೆ. ಅವನ್ನು 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವಿನಲ್ಲಿ ಸುಡುತ್ತಾರೆ. ಆಗ ಬೂದಿಯ ಕಣಗಳು ಒಂದಕ್ಕೊಂದು ತಾಗಿದ ಕಡೆ ಮಾತ್ರ ಬೆಸೆದುಕೊಳ್ಳುತ್ತವೆ. ನಡುವೆ ಗಾಳಿ ತುಂಬಿದ ಸಣ್ಣ ರಂಧ್ರಗಳು ಉಳಿಯುತ್ತವೆ. ಹಗುರತನದ ಗುಟ್ಟು ಇದೇ! ಬ್ರಿಟನ್ನಿನಲ್ಲಿ 1960ರ ದಶಕದಿಂದಲೇ ಇಂಥ ಜಲ್ಲಿ ಬಳಕೆಯಲ್ಲಿದೆ.

ಈ ಜಲ್ಲಿಯ ಕಾಂಕ್ರೀಟ್ ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ನಮ್ಮ ಕೋಣೆಯ ನೆಲ ಈಗ 1,620 ಕಿಲೋ. 540 ಕಿಲೋ ಕಡಿಮೆಯಾಯಿತು. ಹೆಚ್ಚುಕಡಿಮೆ 11 ಮೂಟೆ ಸಿಮೆಂಟಿನ ತೂಕ!

ಒಣಗಿದ ಇಟ್ಟಿಗೆ ಚೂರೊಂದನ್ನು ನೀರಿಗೆ ಹಾಕಿ ನೋಡಿ. ಗುಳ್ಳೆಗಳು ಬರುತ್ತವೆ, ಅಲ್ಲವೆ? ರಂಧ್ರದೊಳಗೆ ನೀರು ನುಗ್ಗಿ ಗಾಳಿ ಹೊರಬರುತ್ತಿದೆ. ಬೂದಿಯ ಉಂಡೆಯೂ ಹೀಗೇ ನೀರು ಕುಡಿಯುತ್ತದೆ. ಒಣಗಿದ್ದನ್ನೇ ಕಲಸಿದರೆ ಸಿಮೆಂಟಿಗೆ ಬೇಕಾದ ನೀರನ್ನು ಇದು ಹೀರಿಬಿಡುತ್ತದೆ. ಆದ್ದರಿಂದ ಮೊದಲೇ ನೆನೆಸಿಡಬೇಕು. ಇನ್ನೊಂದು ಮಾತು: ಈ ಉಂಡೆ ಕಲ್ಲಿನ ಜಲ್ಲಿಯಷ್ಟು ಗಟ್ಟಿಯಲ್ಲ. ಅದಕ್ಕೇ ಎಂಜಿನಿಯರುಗಳು ಕಾಂಕ್ರೀಟಿನ ಮಾದರಿ ತುಂಡುಗಳನ್ನು ಯಂತ್ರದಲ್ಲಿ ಒಡೆಯುವವರೆಗೂ ಒತ್ತಿ, ಎಷ್ಟು ಭಾರ ತಾಳುತ್ತದೆಂದು ತಿಳಿದ ಮೇಲೆಯೇ ಮಹಡಿಗೆ ಬಳಸುತ್ತಾರೆ.