ಪಂಚಾಯಿತಿ ಕಟ್ಟಡಗಳ ರೋಲಿಂಗ್ ಶಟರ್ ಹಾಗೂ ಮೋಟಾರು ಬಾಗಿಲುಗಳ ನಿರ್ವಹಣೆ: ಎಣ್ಣೆ ಎಲ್ಲಿ, ಎಷ್ಟು, ಯಾವಾಗ



ನಮ್ಮ ಪಂಚಾಯಿತಿಗಳ ವಾಣಿಜ್ಯ ಮಳಿಗೆಗಳು, ಘನತ್ಯಾಜ್ಯ ವಿಲೇವಾರಿ ಘಟಕಗಳು ಹಾಗೂ ಸ್ವಚ್ಛ ವಾಹಿನಿ ನಿಲ್ಲಿಸುವ ಶೆಡ್‌ಗಳ ಬಾಗಿಲುಗಳು ಬಹುಮಟ್ಟಿಗೆ ರೋಲಿಂಗ್ ಶಟರ್‌ಗಳೇ ಆಗಿವೆ. ಇತ್ತೀಚೆಗೆ ಅಗಲವಾದ ಶಟರ್‌ಗಳಿಗೆ ಮೋಟಾರು ಅಳವಡಿಸುವುದೂ ರೂಢಿಗೆ ಬರುತ್ತಿದೆ. ಕಟ್ಟಡ ಉದ್ಘಾಟನೆಯಾದ ದಿನದಿಂದ ಮುಂದೆ ಈ ಬಾಗಿಲುಗಳನ್ನು ವಿಚಾರಿಸುವವರು ವಿರಳ. ಶಟರ್ ನಿಂತುಹೋದಾಗ ಮಾತ್ರ ಅದರ ವಿಷಯ ಸಭೆಗೆ ಬರುತ್ತದೆ. ಶಟರ್ ಬೀಳುವ ಮೊದಲೇ ಆ ವಿಷಯ ಸಭೆಗೆ ಬರಬೇಕೆಂಬುದು ಈ ಲೇಖನದ ಉದ್ದೇಶ.

ನನ್ನ ಮನೆಯಲ್ಲಿಯೇ ಆದ ತಪ್ಪು

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯ ಕಾರ್ ಶೆಡ್‌ಗೆ ಮೋಟಾರು ಚಾಲಿತ ಶಟರ್ ಇದೆ. ಒಂದು ಮಳೆಗಾಲದಲ್ಲಿ ಅದು ಕಿರುಗುಟ್ಟಲಾರಂಭಿಸಿತು. ಇಂಜಿನಿಯರಿಂಗ್ ಪದವೀಧರನೆಂಬ ಧೈರ್ಯದಿಂದ ನಾನೇ ಏಣಿ ಹತ್ತಿ, ಎರಡೂ ಬದಿಯ ಗೈಡ್ ಚಾನೆಲ್‌ಗಳಿಗೆ ಕೈತುಂಬ ಗ್ರೀಸ್ ಬಳಿದೆನು. ಅಂದು ಸಂಜೆ ಶಬ್ದ ಅಡಗಿತು. ಕೆಲವು ವಾರಗಳ ನಂತರ ಶಟರ್ ನಡುವೆಯೇ ಸಿಕ್ಕಿಕೊಂಡಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಾಗ ಒಂದು ಬದಿ ಬಿಡಿಸಿಕೊಂಡು ಸುಮಾರು ಎರಡು ಅಡಿ ಧಡಾರನೆ ಇಳಿಯಿತು. ನನ್ನ ತಾಯಿಯವರು ಆ ಹೊತ್ತಿಗೆ ಹೊಸ್ತಿಲಿನಿಂದ ಎರಡು ಹೆಜ್ಜೆ ಈಚೆಗೆ ಇದ್ದರು ಎಂಬುದಷ್ಟೇ ನಮ್ಮ ಅದೃಷ್ಟ.

ದುರಸ್ತಿಗೆ ಭದ್ರಾವತಿಯಿಂದ ಬಂದ ಹಿರಿಯ ಮೆಕ್ಯಾನಿಕ್ ಚಾನೆಲ್‌ನೊಳಗಿನಿಂದ ಕಪ್ಪು ಉಂಡೆಯೊಂದನ್ನು ಕೆರೆದು ತೆಗೆದು ನನ್ನ ಅಂಗೈ ಮೇಲಿಟ್ಟರು. ರಸ್ತೆಯ ಧೂಳು ನಾನು ಬಳಿದ ಗ್ರೀಸ್‌ನೊಡನೆ ಕಲೆತು ಗಟ್ಟಿಯಾಗಿತ್ತು. "ಇದಕ್ಕೆ ಬೇಕಾಗಿದ್ದದ್ದು ಬಟ್ಟೆ, ಗ್ರೀಸ್ ಅಲ್ಲ" ಎಂದರು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದ ಊರು ಭದ್ರಾವತಿ. ಕಬ್ಬಿಣದ ಸ್ವಭಾವವನ್ನು ಬಲ್ಲವರು ಅಲ್ಲಿ ಇಂದಿಗೂ ಇದ್ದಾರೆ.

ಮರುವಾರ ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯ ತ್ಯಾಜ್ಯ ಘಟಕಕ್ಕೆ ಭೇಟಿಯಿತ್ತಾಗ ಕಂಡದ್ದು ಇನ್ನಷ್ಟು ಕಳವಳಕಾರಿಯಾಗಿತ್ತು. ಮೇಲೇರಿದ ಶಟರ್‌ನ ಕೆಳಗೆ ಅಡಿಕೆ ಮರದ ದಬ್ಬೆಯೊಂದನ್ನು ಆನಿಸಿ ನಿಲ್ಲಿಸಲಾಗಿತ್ತು. ಸ್ವಚ್ಛ ವಾಹಿನಿಯ ಚಾಲಕಿ ಪ್ರತಿದಿನ ಬೆಳಿಗ್ಗೆ ಅದರ ಕೆಳಗಿನಿಂದಲೇ ವಾಹನವನ್ನು ಹೊರತೆಗೆಯುತ್ತಿದ್ದರು. ಎಷ್ಟು ದಿನಗಳಿಂದ ಹೀಗಿದೆ ಎಂದು ಕೇಳಿದಾಗ, "ಮೊದಲಿಂದಲೂ ಹೀಗೇ ಸರ್" ಎಂಬ ಉತ್ತರ ಬಂತು. ಅದನ್ನು ದೂರು ಎಂದು ಯಾರೂ ಭಾವಿಸಿರಲಿಲ್ಲ. ಆ ದಬ್ಬೆಯ ಮುಂದೆ ಎಷ್ಟೋ ಬಾರಿ ಹಾದುಹೋಗಿದ್ದ ನಾನೂ ಅದನ್ನು ಗಮನಿಸಿರಲಿಲ್ಲ.

ಶಟರ್‌ನ ಭಾರ ಹೊರುವವರು ಯಾರು?

1.2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 9.4 ಕಿಲೋಗ್ರಾಂ ತೂಗುತ್ತದೆ. ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಶಟರ್ ಎಂದರೆ 9 ಚದರ ಮೀಟರ್. ತಗಡಿನ ತೂಕವೇ 85 ಕಿಲೋಗ್ರಾಂ ಸಮೀಪಿಸುತ್ತದೆ. ಪಟ್ಟಿಗಳು ಒಂದಕ್ಕೊಂದು ಹೆಣೆದುಕೊಳ್ಳುವ ಅಂಚುಗಳು ಹಾಗೂ ತಳದ ಆ್ಯಂಗಲ್ ಸೇರಿದರೆ ಅದು ನೂರು ಕಿಲೋಗ್ರಾಂ ಮೀರುತ್ತದೆ. ಎರಡು ಮೂಟೆ ಅಕ್ಕಿ ನೆತ್ತಿಯ ಮೇಲೆ ತೂಗುತ್ತಿದೆ ಎಂದು ಭಾವಿಸಿದರೆ ಗಾಂಭೀರ್ಯ ಅರಿವಾಗುತ್ತದೆ.

ಇಷ್ಟು ಭಾರವನ್ನು ಒಬ್ಬರು ಕೈಯಿಂದ ಎತ್ತಬಲ್ಲರೆಂದರೆ ಕಾರಣ ಸ್ಪ್ರಿಂಗ್. ಮೇಲ್ಭಾಗದ ಶಾಫ್ಟ್‌ಗೆ ಜೋಡಿಸಿದ ಸುರುಳಿ ಸ್ಪ್ರಿಂಗ್‌ಗಳು ಶಟರ್ ಇಳಿಯುವಾಗ ಬಿಗಿಯಾಗಿ ಶಕ್ತಿಯನ್ನು ಕೂಡಿಡುತ್ತವೆ. ಏರುವಾಗ ಅದನ್ನೇ ಹಿಂದಿರುಗಿಸುತ್ತವೆ. ಸ್ಪ್ರಿಂಗ್ ಇರುವ ಶಟರ್‌ಗಳಲ್ಲಿ ಮೋಟಾರು ಕೇವಲ ಉಳಿದ ವ್ಯತ್ಯಾಸವನ್ನು ಎಳೆಯುತ್ತದೆ. ಪಕ್ಕದಲ್ಲಿ ಮೋಟಾರು ಕೂರಿಸಿ ಸರಪಳಿಯಿಂದ ಎಳೆಯುವ ಅನೇಕ ದೊಡ್ಡ ಶಟರ್‌ಗಳಲ್ಲಿ ಸ್ಪ್ರಿಂಗ್ ಇರುವುದಿಲ್ಲ; ಅಲ್ಲಿ ಗೇರ್, ಸರಪಳಿ ಹಾಗೂ ಬ್ರೇಕ್‌ಗಳೇ ಪೂರ್ಣ ಭಾರವನ್ನು ಹಿಡಿದಿರುತ್ತವೆ.

ಇಲ್ಲಿಯೇ ಅಪಾಯ ಅಡಗಿದೆ. ಕೈಯಿಂದ ಎತ್ತುವ ಶಟರ್‌ನ ಸ್ಪ್ರಿಂಗ್ ದುರ್ಬಲವಾದರೆ ಎತ್ತುವವರ ತೋಳಿಗೆ ಒಡನೆಯೇ ತಿಳಿಯುತ್ತದೆ. ಮೋಟಾರು ದೂರು ಹೇಳುವುದಿಲ್ಲ, ಸುಡುವವರೆಗೆ ಎಳೆಯುತ್ತದೆ. ಎಣ್ಣೆ ಘರ್ಷಣೆಯನ್ನು ಮಾತ್ರ ತಗ್ಗಿಸುತ್ತದೆ. ಅದು ದುರ್ಬಲ ಸ್ಪ್ರಿಂಗ್‌ಗೆ, ಬಾಗಿದ ಚಾನೆಲ್‌ಗೆ, ಸವೆದ ಬ್ರೇಕ್‌ಗೆ ಮದ್ದಲ್ಲ. ಆದುದರಿಂದ ಮೊದಲು ಪರೀಕ್ಷೆ, ಅನಂತರ ಎಣ್ಣೆ.

ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆ

1. *ಕಣ್ಣಿನ ಪರೀಕ್ಷೆ.* ಚಾನೆಲ್ ನೇರವಾಗಿದೆಯೇ, ಗೋಡೆಗೆ ಬಿಗಿದ ಬೋಲ್ಟ್‌ಗಳು ಸಡಿಲವಾಗಿವೆಯೇ, ಪಟ್ಟಿಗಳ ತುದಿಗಳು ಸರಿದಿವೆಯೇ, ತಳದ ಪಟ್ಟಿ ಎರಡೂ ಬದಿಯಲ್ಲಿ ಸಮನಾಗಿ ನೆಲ ಮುಟ್ಟುತ್ತದೆಯೇ ಎಂಬುದನ್ನು ನೋಡುವುದು.

2. *ಸಮತೋಲನದ ಪರೀಕ್ಷೆ.* ಸ್ಪ್ರಿಂಗ್ ಇರುವ, ಕೈಯಿಂದ ಎತ್ತುವ ಶಟರ್‌ಗಳಿಗೆ ಮಾತ್ರ ಇದು ಅನ್ವಯ. ಶಟರನ್ನು ಸೊಂಟದೆತ್ತರಕ್ಕೆ ತಂದು, ಪಾದಗಳನ್ನು ಹಿಂದಕ್ಕಿಟ್ಟು, ಹಿಡಿತವನ್ನು ಮೆಲ್ಲನೆ ಸಡಿಲಿಸಬೇಕು; ಕೈ ಹತ್ತಿರದಲ್ಲೇ ಇರಲಿ. ಶಟರ್ ಅಲ್ಲಿಯೇ ನಿಂತರೆ ಸರಿ. ಕುಸಿದರೆ ಸ್ಪ್ರಿಂಗ್ ಸಡಿಲ, ಮೇಲಕ್ಕೆ ಚಿಮ್ಮಿದರೆ ಅತಿ ಬಿಗಿ. ಮೋಟಾರು ಶಟರ್‌ಗಳಲ್ಲಿ ಮೋಟಾರಿನ ಹಿಡಿತವನ್ನು ಬಿಡಿಸಿ ಈ ಪರೀಕ್ಷೆ ಮಾಡುವುದು ತಂತ್ರಜ್ಞರ ಕೆಲಸ.

3. *ನಿಲುಗಡೆಯ ಪರೀಕ್ಷೆ.* ಮೋಟಾರು ಶಟರನ್ನು ಯಾರೂ ಕೆಳಗಿಲ್ಲದಾಗ ಅರ್ಧಕ್ಕೆ ಇಳಿಸಿ ಗುಂಡಿ ಬಿಡಬೇಕು. ಅದು ನಿಂತ ಜಾಗದಿಂದ ಜಾರಿದರೆ ಬ್ರೇಕ್ ಕೆಟ್ಟಿದೆ. ಅಂದಿನಿಂದಲೇ ಬಳಕೆಯನ್ನು ನಿಲ್ಲಿಸತಕ್ಕದ್ದು.

4. *ಅಡೆತಡೆಯ ಪರೀಕ್ಷೆ.* ತಡೆ ಸಿಕ್ಕರೆ ಹಿಂತಿರುಗುವ ವ್ಯವಸ್ಥೆ ಇರುವ ಬಾಗಿಲುಗಳಿಗೆ ಇದು ಅನ್ವಯ. ಸುಮಾರು 4 ಸೆಂಟಿಮೀಟರ್ ದಪ್ಪದ ಮರದ ತುಂಡನ್ನು ನೆಲದ ಮೇಲಿಟ್ಟು ಬಾಗಿಲನ್ನು ಇಳಿಸಿದರೆ, ಅದು ಮುಟ್ಟಿದೊಡನೆ ಮೇಲಕ್ಕೆ ಹೋಗಬೇಕು. ಅಮೆರಿಕದಲ್ಲಿ ಮಕ್ಕಳು ಗ್ಯಾರೇಜ್ ಬಾಗಿಲುಗಳಡಿ ಸಿಲುಕಿ ಸತ್ತ ಪ್ರಕರಣಗಳ ನಂತರ, 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳು ತಡೆಗೆ ತಾಗಿದ 2 ಸೆಕೆಂಡಿನೊಳಗೆ ಹಿಂತಿರುಗಲೇಬೇಕೆಂಬ ನಿಯಮ ಜಾರಿಗೆ ಬಂದಿತು. ನಮ್ಮ ಶಟರ್‌ಗಳಲ್ಲಿ ಇಂಥ ವ್ಯವಸ್ಥೆ ಹಲವೆಡೆ ಇರುವುದಿಲ್ಲ. ಇಲ್ಲದಿರುವೆಡೆ, ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಚಲಿಸುವ ಗುಂಡಿಯನ್ನು, ಬಾಗಿಲು ಪೂರ್ಣ ಕಾಣುವ ಜಾಗದಲ್ಲಿ ಅಳವಡಿಸುವುದು ಅಗತ್ಯ.

ಎಣ್ಣೆ ಹಾಕುವ ಕ್ರಮ

ಮೋಟಾರು ಇದ್ದಲ್ಲಿ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಕೆಲಸ ಮುಗಿಯುವವರೆಗೆ ಅಲ್ಲೊಬ್ಬರನ್ನು ನಿಲ್ಲಿಸಬೇಕು. ಏಣಿಯನ್ನು ಇನ್ನೊಬ್ಬರು ಹಿಡಿದಿರಬೇಕು. ಶಟರ್ ಪೂರ್ಣ ಇಳಿದಿರುವಾಗಲೇ ಕೆಲಸ ಮಾಡತಕ್ಕದ್ದು.

*ಗೈಡ್ ಚಾನೆಲ್:* ಒಣ ಬ್ರಷ್ ಮತ್ತು ಬಟ್ಟೆಯಿಂದ ಧೂಳು, ಜೇಡರ ಬಲೆ, ಹಳೆಯ ಗ್ರೀಸ್ ತೆಗೆಯಬೇಕು. ಗ್ರೀಸ್ ಕೂಡದು. ಬೇಕಿದ್ದರೆ ಸಿಲಿಕೋನ್ ಸ್ಪ್ರೇಯ ತೆಳು ಲೇಪ ಸಾಕು.

*ಪಟ್ಟಿಗಳ ಸಂದು:* ಹೊಲಿಗೆ ಯಂತ್ರಕ್ಕೆ ಬಳಸುವಂಥ ತೆಳು ಎಣ್ಣೆಯನ್ನು ಬಟ್ಟೆಗೆ ಹಾಕಿ ಒರೆಸಬೇಕು; ಸುರಿಯಬಾರದು.

*ಶಾಫ್ಟ್‌ನ ಬೇರಿಂಗ್:* ಲಿಥಿಯಂ ಗ್ರೀಸ್, ಬೆರಳ ತುದಿಯಷ್ಟು. ಮುಚ್ಚಿದ ಬೇರಿಂಗ್‌ಗಳಿಗೆ ಅದೂ ಬೇಡ.

*ಸರಪಳಿ ಮತ್ತು ಹಲ್ಲುಚಕ್ರ:* ಬೈಕ್ ಸರಪಳಿಗೆ ಹಾಕುವ ಎಣ್ಣೆಯ ಕೆಲವು ಹನಿಗಳು, ಹೆಚ್ಚಾದುದನ್ನು ಒರೆಸಬೇಕು. ಮೋಟಾರಿನೊಳಗಿನ ಗೇರ್‌ಗಳಿಗೆ ಹೊರಗಿನಿಂದ ಏನನ್ನೂ ಹಾಕುವಂತಿಲ್ಲ.

*ಬೀಗ:* ಗ್ರಾಫೈಟ್ ಪುಡಿ ಉತ್ತಮ. ಸಿಗದಿದ್ದರೆ ಪೆನ್ಸಿಲ್ ಕಡ್ಡಿಯನ್ನು ಕೀಲಿಗೆ ಚೆನ್ನಾಗಿ ಉಜ್ಜಿ ಹಲವು ಬಾರಿ ತಿರುಗಿಸಿದರೂ ಆದೀತು.

*ಬ್ರೇಕ್:* ಒಂದು ಹನಿಯೂ ತಾಗಬಾರದು. ಎಣ್ಣೆ ಬಿದ್ದ ಬ್ರೇಕ್ ಭಾರವನ್ನು ಹಿಡಿಯಲಾರದು.

ಸೀಮೆಎಣ್ಣೆ ಮತ್ತು ಡೀಸೆಲ್ ಇದ್ದ ಜಿಡ್ಡನ್ನೂ ತೊಳೆದುಬಿಡುತ್ತವೆ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ. ವಾಹನದಿಂದ ತೆಗೆದ ಹಳೆಯ ಇಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳು ಬಿಡಿಸಲು ಸರಿ. ಅವುಗಳ ಜಿಡ್ಡು ಬಹುಕಾಲ ನಿಲ್ಲುವುದಿಲ್ಲ. ಹೊಸ ಮನೆಗಳಲ್ಲಿ ಕಂಡುಬರುವ, ಛಾವಣಿಯ ಹಳಿಯ ಮೇಲೆ ಬಾಗಿಲನ್ನು ಎಳೆಯುವ ಯಂತ್ರಗಳಿಗೂ ಇದೇ ನೀತಿ: ಸರಪಳಿಗೆ ತೆಳು ಎಣ್ಣೆ, ತಿರುಪು ದಂಡಕ್ಕೆ ಲಿಥಿಯಂ ಗ್ರೀಸ್, ರಬ್ಬರ್ ಬೆಲ್ಟ್‌ಗೆ ಏನೂ ಬೇಡ.

ಯಾವಾಗ?

ಜಿಲ್ಲೆಯ ಹವೆ ಎಲ್ಲೆಡೆ ಒಂದೇ ಬಗೆಯದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದುಂಟು. ಪೂರ್ವದ ಭದ್ರಾವತಿಯ ಕಡೆಗೆ ಬಂದಂತೆ ಮಳೆ ಬಹಳ ಕಡಿಮೆಯಾಗಿ ಧೂಳು ಹೆಚ್ಚುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಶತ್ರು ತುಕ್ಕು. ಬಯಲಿನ ಭಾಗಗಳಲ್ಲಿ ಶತ್ರು ಧೂಳು. ಮೇ ತಿಂಗಳ ಕೊನೆಯಲ್ಲಿ ಪೂರ್ಣ ಶುಚಿ ಮತ್ತು ಎಣ್ಣೆ, ಮಳೆ ಮುಗಿದ ಬಳಿಕ ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಾಡುವುದು ಎಲ್ಲರಿಗೂ ಅಗತ್ಯ. ಘಟ್ಟದ ಅಂಚಿನ ಪಂಚಾಯಿತಿಗಳು ಜುಲೈ-ಆಗಸ್ಟ್ ನಡುವೆ ಇನ್ನೊಂದು ಸುತ್ತು ಸೇರಿಸಿಕೊಳ್ಳುವುದು ಒಳಿತು. ಬಯಲಿನವರು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಚಾನೆಲ್ ಒರೆಸಿದರೆ ಸಾಕು.

ಸಿಬ್ಬಂದಿ ಮುಟ್ಟಬಾರದ ಕೆಲಸಗಳು

ಸ್ಪ್ರಿಂಗ್ ಬಿಗಿಗೊಳಿಸುವುದು, ಶಾಫ್ಟ್ ಬಿಚ್ಚುವುದು, ಬ್ರೇಕ್ ಮತ್ತು ಮೋಟಾರಿನ ಹೊಂದಾಣಿಕೆ, ಇವು ಅನುಭವಿ ತಂತ್ರಜ್ಞರಿಗೇ ಮೀಸಲು. ಬಿಗಿದ ಸ್ಪ್ರಿಂಗ್ ಕೈತಪ್ಪಿದರೆ ಮೂಳೆ ಮುರಿಯುವಷ್ಟು ಬಲದಿಂದ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ತುಂಡಾದಾಗ ದೊಡ್ಡ ಶಬ್ದವಾಗಿ ಶಟರ್ ಒಮ್ಮೆಲೇ ಭಾರವಾಗುತ್ತದೆ. ಆಗ ನಾಲ್ಕು ಜನ ಸೇರಿ ಎತ್ತುವುದಾಗಲಿ, ಮೋಟಾರಿನಿಂದ ಎಳೆಯುವುದಾಗಲಿ ಸಲ್ಲದು. ಜನರನ್ನು ದೂರವಿಟ್ಟು, ಹಗ್ಗ ಕಟ್ಟಿ, ತಂತ್ರಜ್ಞರನ್ನು ಕರೆಯಿಸತಕ್ಕದ್ದು. ಮೋಟಾರಿನ ವಿದ್ಯುತ್ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಹಾಗೂ ಸೋರಿಕೆಯಾದಾಗ ಕಡಿತಗೊಳಿಸುವ ಸಾಧನ ಇರಲೇಬೇಕು. ಒದ್ದೆ ಕೈಯಲ್ಲಿ ಗುಂಡಿ ಒತ್ತುವ ದಿನಗಳು ನಮ್ಮ ಮಲೆನಾಡಿನಲ್ಲಿ ಕಡಿಮೆಯಲ್ಲ. ಕರೆಂಟು ಹೋದಾಗ ಕೈ ಸರಪಳಿಯಿಂದ ಬಾಗಿಲು ತೆರೆಯುವ ಕ್ರಮವನ್ನು ಹಗಲಿನಲ್ಲೇ ಸಿಬ್ಬಂದಿಗೆ ಅಭ್ಯಾಸ ಮಾಡಿಸಬೇಕು.

ಸದಸ್ಯರು ಸಭೆಯಲ್ಲಿ ಕೇಳಬೇಕಾದುದು

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿ 29 ವಿಷಯಗಳಿವೆ. ಅವುಗಳಲ್ಲಿ ಕೊನೆಯದು ಸಮುದಾಯ ಆಸ್ತಿಗಳ ನಿರ್ವಹಣೆ. ಕಟ್ಟುವುದಕ್ಕೆ ಅನುದಾನ ಬರುತ್ತದೆ. ಕಾಪಾಡುವುದು ನಮ್ಮ ಸ್ವಂತ ಸಂಪನ್ಮೂಲದ ಹಾಗೂ ನಮ್ಮ ಗಮನದ ವಿಷಯ. ಮುಂದಿನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ಕೆಳಕಂಡ ಅಂಶಗಳನ್ನು ಪ್ರಸ್ತಾಪಿಸಬಹುದು:

- ಪಂಚಾಯಿತಿಯ ಎಲ್ಲ ಶಟರ್‌ಗಳ ಪಟ್ಟಿ ಆಸ್ತಿ ವಹಿಯಲ್ಲಿದೆಯೇ? ಸ್ಪ್ರಿಂಗ್, ಗೇರ್, ಮೋಟಾರು, ಯಾವ ಬಗೆ ಎಂದು ನಮೂದಾಗಿದೆಯೇ?
- ತಿಂಗಳ ಪರೀಕ್ಷೆಗೆ ಹೆಸರಿಸಿದ ಸಿಬ್ಬಂದಿ ಯಾರು? ದಿನಾಂಕ ಮತ್ತು ಸಹಿಯುಳ್ಳ ವಹಿ ಇದೆಯೇ?
- ಮಳಿಗೆಗಳ ಬಾಡಿಗೆ ಕರಾರಿನಲ್ಲಿ ದಿನನಿತ್ಯದ ಶುಚಿ ಯಾರ ಹೊಣೆ, ಸ್ಪ್ರಿಂಗ್ ಮತ್ತು ಮೋಟಾರು ದುರಸ್ತಿ ಯಾರ ಹೊಣೆ ಎಂಬುದು ಸ್ಪಷ್ಟವಾಗಿದೆಯೇ?
- ಹೊಸ ಶಟರ್‌ಗಳ ಅಂದಾಜು ಪಟ್ಟಿಯಲ್ಲಿ ಭಾರತೀಯ ಮಾನಕ 6248ರ ಉಲ್ಲೇಖ, ಮೋಟಾರು ಇದ್ದಲ್ಲಿ ಬೀಳುವುದನ್ನು ತಡೆಯುವ ಸುರಕ್ಷಾ ಬ್ರೇಕ್ ಹಾಗೂ ತಡೆ ಗ್ರಹಿಸುವ ವ್ಯವಸ್ಥೆ ಸೇರಿವೆಯೇ?
- ವಾರ್ಷಿಕ ಆಯವ್ಯಯದಲ್ಲಿ ಇದಕ್ಕೆ ಸಣ್ಣ ಮೊತ್ತವನ್ನಾದರೂ ಕಾದಿರಿಸಲಾಗಿದೆಯೇ?

ಇದಕ್ಕೆ ಬೇಕಾದ ಸಾಮಗ್ರಿ ಒಂದು ಚೀಲದಷ್ಟು: ಬ್ರಷ್, ಹಳೆಯ ಬಟ್ಟೆ, ಒಂದು ಡಬ್ಬಿ ಸಿಲಿಕೋನ್ ಸ್ಪ್ರೇ, ಸ್ವಲ್ಪ ಲಿಥಿಯಂ ಗ್ರೀಸ್, ತೆಳು ಎಣ್ಣೆ. ಬೇಕಾದ ಸಮಯ ಶಟರ್ ಒಂದಕ್ಕೆ ಅರ್ಧ ಗಂಟೆ.

ನಮ್ಮ ತ್ಯಾಜ್ಯ ಘಟಕದ ಶಟರ್‌ಗೆ ಈಗ ಹೊಸ ಸ್ಪ್ರಿಂಗ್ ಬಂದಿದೆ, ಅಡಿಕೆ ದಬ್ಬೆ ಹೊರಗೆ ಬೇಲಿಗೆ ಸೇರಿದೆ. ಬೆಳಗಿನ ಆರು ಗಂಟೆಗೆ ಆ ಬಾಗಿಲು ತೆರೆಯುವ ಚಾಲಕಿ ವಹಿಯಲ್ಲಿ ತಾವೇ ಸಹಿ ಮಾಡುತ್ತಾರೆ; ಶಬ್ದ ಬದಲಾದರೆ ಅದೇ ದಿನ ತಿಳಿಸುತ್ತಾರೆ. ತಮ್ಮ ಪಂಚಾಯಿತಿಗಳ ಶೆಡ್‌ಗಳಿಗೆ ಮುಂದಿನ ಬಾರಿ ಭೇಟಿಯಿತ್ತಾಗ, ದಯಮಾಡಿ ಒಮ್ಮೆ ತಲೆಯೆತ್ತಿ ನೋಡಬೇಕೆಂದೂ, ಶಟರ್‌ನ ಕೆಳಗೆ ಕೋಲೋ ಕಲ್ಲೋ ಕಂಡರೆ ಅದನ್ನು ಲಿಖಿತ ದೂರೆಂದೇ ಪರಿಗಣಿಸಬೇಕೆಂದೂ ವಿನಂತಿಸುತ್ತೇನೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಿವಮೊಗ್ಗ ತಾಲ್ಲೂಕು